ನೆಲಮಾಳಿಗೆಯ ನೆಗೆಟಿವ್‌ಗಳು

ಭಾನುವಾರ, ಬೆಳಿಗ್ಗೆ

ಮುದ್ದಿನ ಗುಬ್ಬಿ,

ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಇದನ್ನು ಓದುತ್ತಿದ್ದರೆ ಮೊದಲು ಹೊಟ್ಟೆಗೆ ಏನಾದರೂ ಹಾಕಿಕೋ. ಪತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಎಷ್ಟು ಚೆನ್ನಾಗಿ ಎಂದರೆ ಮಂಡಿನೋವಿನ ಮಾತ್ರೆಯೇ ಮರೆತುಹೋಗಿದೆ. ನರ್ಸಮ್ಮ, ಬೈಯಬೇಡ.

ಮೊನ್ನೆ ಫೋನಿನಲ್ಲಿ ನೀನು, "ರಿಟೈರ್ ಆದ್ಮೇಲೂ ಯಾಕಮ್ಮ ಯೂನಿವರ್ಸಿಟಿಗೆ ಅಲೀತೀಯ?" ಎಂದು ಕೇಳಿದಾಗ ಮಾತು ಹಾರಿಸಿದೆ. ಈಗ ಸರಿಯಾಗಿ ಹೇಳುತ್ತೇನೆ.

ನಮ್ಮ ಫೋಟೋ ವಿಭಾಗ ಮುಚ್ಚಿದ ಮೇಲೆ, ನೌಕರಿಯ ಉದ್ದಕ್ಕೂ ನಾನು ತೆಗೆದ ನೆಗೆಟಿವ್‌ಗಳೆಲ್ಲ ಆಡಳಿತ ಕಟ್ಟಡದ ನೆಲಮಾಳಿಗೆಯಲ್ಲಿ ಬಿದ್ದಿದ್ದವು. ಈಚೆಗೆ ಅವನ್ನು ಗ್ರಂಥಾಲಯದ ಹಳೆಯ ದಾಖಲೆಗಳ ಕೋಣೆಗೆ ಸಾಗಿಸಿದರು. ಅಲ್ಲಿ ಕೆಲಸ ಮಾಡುವ ಹುಡುಗಿ ಫೋನ್ ಮಾಡಿ, "ಮೇಡಂ, ಡಬ್ಬದ ಮೇಲೆ ಇಸವಿ ಇದೆ. ಒಳಗಿರೋರು ಯಾರು ಅಂತ ದೇವರಿಗೇ ಗೊತ್ತು. ನೀವೇ ಬಂದು ಹೇಳಿ" ಎಂದಳು. ಜಂಬದಿಂದಲೇ ಹೋದೆ. ಕೆಳಗಿನಿಂದ ಬೆಳಕು ಬರುವ ಲೈಟ್ ಟೇಬಲ್ ಮೇಲೆ ಮೊದಲ ನೆಗೆಟಿವ್ ಪಟ್ಟಿ ಇಟ್ಟು ಭೂತಗನ್ನಡಿ ಹಿಡಿದೆ. ಎಲ್ಲಿ ನಿಂತು ತೆಗೆದೆ, ಯಾವ ಕಿಟಕಿಯಿಂದ ಬೆಳಕು ಬೀಳುತ್ತಿತ್ತು, ಎಲ್ಲ ನೆನಪಿದೆ. ಎದುರಿಗೆ ನಿಂತವರ ಹೆಸರು ಮಾತ್ರ ಒಂದೂ ಇಲ್ಲ.

ಆಗ ಆ ಹುಡುಗಿ ನಮ್ಮ ಗಾಜಿನ ಮೇಷ್ಟ್ರನ್ನು ಕರೆಸಿದಳು. ರಸಾಯನಶಾಸ್ತ್ರ ವಿಭಾಗಕ್ಕೆ ಬೇಕಾದ ಕುಪ್ಪಿ, ಕೊಳವೆಗಳನ್ನು ಬೆಂಕಿಯಲ್ಲಿ ಊದಿ ಮಾಡಿಕೊಡುತ್ತಿದ್ದವರು. ನಿನ್ನಪ್ಪ ಹೋದಾಗ ಬಂದು ಎಲ್ಲರಿಗೂ ಕುರ್ಚಿ ಹಾಕಿಕೊಟ್ಟರಲ್ಲ, ಅವರೇ. ಯಾವ ವಿಭಾಗದಲ್ಲಿ ಗಾಜು ಬಿರುಕು ಬಿಟ್ಟರೂ ಅವರ ಬಳಿಗೇ ಬರುತ್ತಿದ್ದುದರಿಂದ ಎಲ್ಲರೂ ಪರಿಚಯ. "ಇವ್ರು ಸಸ್ಯಶಾಸ್ತ್ರದ ಗುಮಾಸ್ತರು, ಮಾತಿಗೆ ಕೂತ್ರೆ ಏಳ್ತಿರ್ಲಿಲ್ಲ. ಇವ್ರು ಹಾಸ್ಟೆಲ್ ಅಡುಗೆಯಮ್ಮ, ಇವರ ಮಗಳೇ ಈಗ ಅಲ್ಲಿ ವಾರ್ಡನ್" ಎಂದು ಅವರು ಹೇಳುತ್ತ ಹೋದರು. ಹುಡುಗಿ ಬರೆದುಕೊಂಡಳು. ನಾನು ಅವರ ಫ್ಲಾಸ್ಕಿನ ಚಹಾ ಖಾಲಿ ಮಾಡಿದೆ.

ಒಂದು ದಿನ, ಫಿಲಂ ಕಾಲದ ಕೊನೆಯ ರೋಲ್‌ಗಳಲ್ಲೊಂದು ಸಿಕ್ಕಿತು. ಇಡೀ ರೋಲ್ ಅವರದೇ: ಕಪ್ಪು ಕನ್ನಡಕ, ಉಬ್ಬಿದ ಕೆನ್ನೆ, ಮುಂದೆ ಜ್ವಾಲೆ. "ಒಂದು ಕುಪ್ಪಿಗೆ ಇಷ್ಟೊಂದು ಫೋಟೋ ಬೇಕಿತ್ತಾ?" ಎಂದರು. ಬೆಳಕು ಚೆನ್ನಾಗಿತ್ತು ಎಂದೆ. ನಿಜವಾಗಿಯೂ ಚೆನ್ನಾಗಿತ್ತು, ಗುಬ್ಬಿ.

ಅಷ್ಟರಲ್ಲಿ ಮುಖ್ಯ ಗ್ರಂಥಪಾಲಕರು ಬಂದು ಡಬ್ಬಗಳನ್ನು ನೋಡಿದರು. "ಇಷ್ಟಕ್ಕೆಲ್ಲ ಜಾಗ ಇಲ್ಲ. ಘಟಿಕೋತ್ಸವ, ಅತಿಥಿಗಳು, ಕಟ್ಟಡಗಳು ಇರ್ಲಿ. ಮಿಕ್ಕಿದ್ದು ತೆಗೆದ್ಬಿಡಿ" ಎಂದರು. ಮಿಕ್ಕಿದ್ದು ಎಂದರೆ ಏನು ಗೊತ್ತಾ? ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ನಿಂತು ಕೊನೆಯ ಪುಟ ಉರುಹೊಡೆಯುವ ಹುಡುಗರು, ಕಿಟಕಿಯ ಅಂಚಿನಲ್ಲಿ ಕೂತು ಗಾಜು ಒರೆಸುವವನು, ಯಾವುದಕ್ಕೋ ಬಿದ್ದು ಬಿದ್ದು ನಗುವ ಟೈಪಿಸ್ಟರು. ಯಾರೂ ಹೇಳದೆ ನನ್ನಷ್ಟಕ್ಕೆ ನಾನು ತೆಗೆದದ್ದೆಲ್ಲ. ಡಬ್ಬಗಳ ಮುಚ್ಚಳಗಳನ್ನು ಒಂದೊಂದಾಗಿ ಮುಚ್ಚತೊಡಗಿದೆ.

ಮೇಷ್ಟ್ರು ಮೆಲ್ಲಗೆ, "ಸರ್, ಎಸೆಯೋ ಮುಂಚೆ ಒಂದ್ ವಾರ ಗೋಡೆಗೆ ಹಾಕೋಣ. ಯಾರೂ ನೋಡ್ದಿದ್ರೆ ನಾನೇ ಹೊತ್ಕೊಂಡು ಹೋಗಿ ಎಸೀತೀನಿ" ಎಂದರು. ಗ್ರಂಥಪಾಲಕರು ಒಪ್ಪಿದರು.

ಘಟಿಕೋತ್ಸವದವೂ ಸೇರಿ ಒಂದಿಷ್ಟು ಪ್ರಿಂಟ್ ಮಾಡಿಸಿ ಗ್ರಂಥಾಲಯದ ಉದ್ದನೆಯ ಕಾರಿಡಾರಿನಲ್ಲಿ ಹಾಕಿದೆವು. ಮೊದಲ ದಿನ ನೋಡಲು ಬಂದದ್ದು ಒಂದು ಬೆಕ್ಕು. ಮರುದಿನ ವಾರ್ಡನ್ ತನ್ನ ತಾಯಿಯನ್ನು ಕೈಹಿಡಿದು ಕರೆತಂದಳು. ಆ ಅಡುಗೆಯಮ್ಮ ದೊಡ್ಡ ಸೌಟು ಹಿಡಿದ ತನ್ನನ್ನೇ ನೋಡುತ್ತ ನಿಂತು, "ನಾನು ಇಷ್ಟು ದಪ್ಪ ಇದ್ನಾ? ಯಾರೂ ಹೇಳ್ಲೇ ಇಲ್ವಲ್ಲ" ಎಂದರು. ಆಮೇಲೆ ಕುರ್ಚಿ ತರಿಸಿಕೊಂಡು ಸಂಜೆಯವರೆಗೂ ಅಲ್ಲೇ ಕೂತರು. ಅವರಿಂದ ಸುದ್ದಿ ಹಬ್ಬಿತು. ಡ್ರೈವರ್‌ಗಳು, ಟೈಪಿಸ್ಟರು, ಮೊಮ್ಮಕ್ಕಳನ್ನು ಎತ್ತಿಕೊಂಡವರು, ಹೀಗೆ ಬಂದು ಬಂದು ಕಾಲಿಡಲು ಜಾಗವಿಲ್ಲ. ಹಿಂದಿನ ಕುಲಪತಿಗಳೊಬ್ಬರು ತಮ್ಮ ನಿಲುವಂಗಿಯ ಫೋಟೋ ದಾಟಿಬಂದು, ಡ್ರೈವರ್ ಜೊತೆ ಕೆಟ್ಟ ಕಾರು ತಳ್ಳುತ್ತಿರುವ ಚಿತ್ರದ ಮುಂದೆ ನಿಂತು, "ಇದರದ್ದೊಂದು ಪ್ರಿಂಟ್ ಸಿಗುತ್ತಾ?" ಎಂದರು.

ಗ್ರಂಥಪಾಲಕರು ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. ವಾರದ ಕೊನೆಗೆ ಬಂದು, "ಎರಡು ಕಪಾಟು ಖಾಲಿ ಮಾಡಿಸ್ತೀನಿ, ಮೇಡಂ. ಎಲ್ಲಾ ಇರ್ಲಿ" ಎಂದರು. ಎಲ್ಲ ಬೇಡ, ಒಂದೇ ಥರ ರಿಬ್ಬನ್ ಕತ್ತರಿಸುವವು ಬೇಕಾದಷ್ಟಿವೆ ಎಂದು ಅವನ್ನು ನಾನೇ ಖುಷಿಯಾಗಿ ಆರಿಸಿ ತೆಗೆದೆ.

ಆ ಸಂಜೆ ಮೇಷ್ಟ್ರು ಮನೆಯವರೆಗೂ ಬಂದರು. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಸರಿಮಾಡಿದರು. ಈಗ ಸೋರುತ್ತಿಲ್ಲ. ಆದರೂ ಆಗಾಗ ಬಂದು ನೋಡುತ್ತಾರೆ.

ಮೈ ಹುಷಾರು, ಕಂದ.

ನಿನ್ನ
ಅಮ್ಮ

ಹೇಳಲು ಹೊರಟಿದ್ದ ಮಾತು: ನಾವಿಬ್ಬರೂ ಮದುವೆ ನೋಂದಣಿ ಮಾಡಿಸಿಕೊಳ್ಳಬೇಕೆಂದಿದ್ದೇವೆ. ನಿನ್ನನ್ನು ಕೇಳದೆ ದಿನ ಗೊತ್ತುಮಾಡುವುದು ಬೇಡ ಎಂದು ಅವರೇ ಹಟ ಹಿಡಿದಿದ್ದಾರೆ. ಸಿಟ್ಟು ಬಂದರೆ ಬೈದು ಬರೆ, ಆದರೆ ಬರೆ. ಅವರೂ ಈಗ ಇದೇ ಮೇಜಿನ ಆಚೆ ಕೂತು ಮಗನಿಗೆ ಪತ್ರ ಬರೆಯುತ್ತಿದ್ದಾರೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದು, ನಾನು ಹೇಗೆ ಶುರು ಮಾಡಿದೆ ಎಂದು ಕೇಳಿದರು. "ಮೊದ್ಲು ಬೇರೆ ಏನಾದ್ರೂ ನಾಲ್ಕು ಪುಟ ಬರೀರಿ" ಎಂದೆ.