ಯಾವ ಊರಲ್ಲಿ ಕಾಯಿಲೆ ಬೀಳಬೇಕು?

ಆರೋಗ್ಯ ವಿಮಾ ಯೋಜನೆಯ ಮುಖ್ಯಾಧಿಕಾರಿಗಳೇ,

ನನ್ನ ಜೊತೆ ಒಂದೇ ಹಾಸಿಗೆ ಹಂಚಿಕೊಂಡಿದ್ದ ಮನುಷ್ಯ ಈಗ ತನ್ನ ಊರಿನ ಆಸ್ಪತ್ರೆಯಲ್ಲಿ ಏದುಸಿರು ಬಿಡುತ್ತಾ ಒಂದು ಸಹಿಗಾಗಿ ಕಾಯುತ್ತಿದ್ದಾನೆ. ಅವನ ಹೃದಯದ ಕವಾಟ ಕೆಟ್ಟಿದೆ. ಅದನ್ನು ಸರಿಮಾಡುವ ಆಸ್ಪತ್ರೆ ಇಲ್ಲಿ, ನಮ್ಮ ಕಾರ್ಖಾನೆಯ ಹತ್ತಿರವೇ ಇದೆ. ಅವನ ಜೇಬಿನಲ್ಲಿ ನಿಮ್ಮ ವಿಮಾ ಕಾರ್ಡೂ ಇದೆ. ಇಷ್ಟೆಲ್ಲ ಇದ್ದೂ ಅವನು ಯಾಕೆ ಸಾಯಬೇಕು? ನಿಮ್ಮ ಕಚೇರಿಗೆ ಬರೆದು ಕೇಳಿದೆ, ಉತ್ತರ ಬರಲಿಲ್ಲ. ಈಗ ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ.

ಒಂದೇ ಹಾಸಿಗೆ ಎಂದರೆ ನೀವು ಹುಬ್ಬೇರಿಸಬಹುದು. ನಮ್ಮದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಹಳ್ಳಿ ಬಿಟ್ಟು ಬಂದವರೆಲ್ಲ ಅದರ ಹಿಂದಿನ ಕೋಣೆಗಳಲ್ಲಿದ್ದೇವೆ. ನನ್ನದು ಹಗಲು ಪಾಳಿ. ಬಾಯ್ಲರ್ ನೋಡಿಕೊಳ್ಳುವ ಅವನದು ರಾತ್ರಿ ಪಾಳಿ. ಅವನು ಎದ್ದು ಹೋದ ಮೇಲೆ ನಾನು ಮಲಗುವುದು, ನಾನು ಎದ್ದು ಹೋದ ಮೇಲೆ ಅವನು. ವರ್ಷಗಟ್ಟಲೆ ನಾವು ಬಾಗಿಲಲ್ಲಿ ಎದುರಾದದ್ದಷ್ಟೇ. ಎಲ್ಲರಿಗೂ ಬಾಯ್ಲರಣ್ಣನಾಗಿದ್ದ ಅವನನ್ನು ನಾನು ಬಲ್ಲದ್ದು ಹಾಸಿಗೆಯಲ್ಲಿ ಉಳಿದ ಬಿಸಿಯಿಂದ.

ಕೆಲವು ತಿಂಗಳಿಂದ ನಾನು ಬರುವಾಗ ದಿಂಬು ಗೋಡೆಗೆ ಒರಗಿರುತ್ತಿತ್ತು, ಹಿಂದೆ ನನ್ನ ಬಟ್ಟೆಗಂಟೂ ಪೇರಿಸಿರುತ್ತಿತ್ತು. ಒಂದು ಸಂಜೆ ರೇಗಿಸಿದೆ: "ಏನಣ್ಣಾ, ಮಹಾರಾಜರು ಸಿಂಹಾಸನ ಬಿಟ್ಟು ಮಲಗೋದೇ ಇಲ್ವಾ?"

"ಮಲಗಿದ್ರೆ ನಿದ್ದೆ ಬರಲ್ಲ ಕಣೋ, ಕೂತ್ರೆ ಬರುತ್ತೆ. ಸ್ಕೂಲಲ್ಲಿ ಕಲಿತ ಒಂದೇ ವಿದ್ಯೆ ಅದು!"

ಇಬ್ಬರೂ ನಕ್ಕೆವು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಅವನು ಹೇಳಲಿಲ್ಲ. ಹೆಂಡತಿ ಪಕ್ಕದಲ್ಲಿದ್ದಿದ್ದರೆ ವಾರದೊಳಗೆ ಕಂಡುಹಿಡಿಯುತ್ತಿದ್ದಳು. ಇಲ್ಲಿ ಅವನ ಪಕ್ಕದಲ್ಲಿದ್ದದ್ದು ನಾನು ಬಿಟ್ಟುಹೋದ ತಗ್ಗು ಮಾತ್ರ.

ಕೊನೆಗೆ ಬಾಯ್ಲರ್ ಮುಂದೆಯೇ ಕುಸಿದ. ಆಸ್ಪತ್ರೆಗೆ ಒಯ್ದೆವು. ವೈದ್ಯರು ಪರೀಕ್ಷಿಸಿ, ಕವಾಟ ಬದಲಿಸಬೇಕು, ಅದಕ್ಕೆ ವಿಮೆ ಇದೆ ಎಂದರು. ನಾನು ಹಿಗ್ಗಿ ಕೌಂಟರಿಗೆ ಓಡಿದೆ.

"ಇದು ಬೇರೆ ಜಿಲ್ಲೆ ಕಾರ್ಡು. ಅಲ್ಲಿನ ಡಾಕ್ಟ್ರು ಸಹಿ ಹಾಕಿದ ಶಿಫಾರಸು ತರ್ಬೇಕು."

"ಕಾಯಿಲೆ ಇಲ್ಲೇ ಇದೆಯಲ್ಲಾ ಮೇಡಂ!"

"ಕಾರ್ಡು ಅಲ್ಲೀದಲ್ಲಪ್ಪಾ. ನೀನೇನಾಗ್ಬೇಕು ಅವರಿಗೆ?"

"ತಮ್ಮ."

"ಅಣ್ಣನ ವಯಸ್ಸೆಷ್ಟು?"

ನನಗೆ ಗೊತ್ತಿರಲಿಲ್ಲ. ಆಕೆ ನಗಲಿಲ್ಲ, ಬೈಯಲೂ ಇಲ್ಲ. ನನ್ನ ಹಿಂದಿದ್ದವರನ್ನು ಕರೆದರು. ಅವರದು ಇದೇ ಊರಿನ ಕಾರ್ಡು, ಅದೇ ಹೃದಯದ ಕಾಯಿಲೆ. ದಾಖಲಾಗಿ ಒಳಗೆ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ನೂರು ಕಾಲ ಬಾಳಲಿ. ಆದರೆ ಎರಡು ಹೃದಯಗಳ ನಡುವೆ ಜಿಲ್ಲೆಯ ಗಡಿಯನ್ನು ಕಂಡ ನಿಮ್ಮ ವೈದ್ಯಶಾಸ್ತ್ರ ಯಾವುದು, ಮಾನ್ಯರೇ? ನಾವು ಬಣ್ಣ ಹಾಕಿದ ಬಟ್ಟೆ ದೇಶ ದಾಟಿ ಹೋಗುತ್ತದೆ. ಗಡಿ ನೆನಪಾಗುವುದು ನಮ್ಮ ಎದೆ ನೊಂದಾಗ ಮಾತ್ರವೇ?

ಕರಪತ್ರ ಓದುವುದು ನನ್ನ ಚಟ, ನಿಮ್ಮದನ್ನೂ ಬಿಟ್ಟಿಲ್ಲ. "ಎಲ್ಲರಿಗೂ ಆರೋಗ್ಯ" ಎಂಬ ಸಾಲಿನ ಕೆಳಗೆ ಅಪ್ಪ, ಅಮ್ಮ, ಮಗು ಒಂದೇ ಹೊಸ್ತಿಲಲ್ಲಿ ನಿಂತು ನಗುತ್ತಿದ್ದಾರೆ. ಗಂಡ ಒಂದೆಡೆ, ಹೆಂಡತಿ ಒಂದೆಡೆ ಇರುವ ನಮ್ಮ ಚಿತ್ರ ತೆಗೆಯಬೇಕಾದರೆ ಕ್ಯಾಮೆರಾ ಎಲ್ಲಿ ಇಡುತ್ತಿದ್ದಿರಿ? ವಿಮೆ ಇದ್ದವರ ಲೆಕ್ಕದಲ್ಲಿ ಅವನನ್ನೂ ಸೇರಿಸಿ ಬೀಗುತ್ತೀರಿ. ಕೈಗೆ ಕೊಡೆ ಕೊಟ್ಟು, ಅದನ್ನು ಮನೆಯೊಳಗೇ ಬಿಚ್ಚಬೇಕು ಎಂದರೆ ಅದು ಉಪಕಾರವೇ?

ಅವನನ್ನು ಊರಿನ ಬಸ್ಸು ಹತ್ತಿಸಿದೆವು. ದಾರಿಯುದ್ದಕ್ಕೂ ಕೂತೇ ಹೋದ. ಅಲ್ಲಿ ಶಿಫಾರಸು ಬರೆಯಬೇಕಾದ ಹೃದಯದ ವೈದ್ಯರ ಹುದ್ದೆಯೇ ಖಾಲಿ. ಫೋನ್ ಮಾಡಿದಾಗ ಅತ್ತಿಗೆ ಅಳಲಿಲ್ಲ.

"ಅಲ್ಲಿದ್ರೆ ಇಲ್ಲಿಗೆ ಹೋಗು ಅಂದ್ರು, ಇಲ್ಲಿಗೆ ಬಂದ್ರೆ ಅಲ್ಲಿಗೇ ಹೋಗು ಅಂತಾರೆ. ಯಾವ ಊರಲ್ಲಿ ಕಾಯಿಲೆ ಬೀಳ್ಬೇಕಿತ್ತಪ್ಪಾ ಇವರು? ನೀನು ಓದಿದೋನು, ಹೇಳು."

ಆ ಪ್ರಶ್ನೆಯನ್ನೇ ಈ ಪತ್ರದ ತಲೆಬರಹವಾಗಿ ಬರೆದಿದ್ದೇನೆ. ಅವನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಕೆಲಸ ಮುಗಿಸಿ ಬಂದಾಗ ಹಾಸಿಗೆ ತಣ್ಣಗಿರುತ್ತದೆ. ಇಡೀ ಹಾಸಿಗೆ ಈಗ ನನ್ನೊಬ್ಬನದೇ, ನಿದ್ದೆ ಬರುತ್ತಿಲ್ಲ.

ನಿಮ್ಮ ಅನುಕಂಪ ಬೇಡ. ಶಿಫಾರಸಿಲ್ಲದೆ ಅವನನ್ನು ದಾಖಲಿಸಿಕೊಳ್ಳಿ ಎಂದು ಇಲ್ಲಿನ ಆಸ್ಪತ್ರೆಗೆ ಇಂದೇ ಆದೇಶ ಕೊಡಿ. ದುಡಿಯುವ ಊರಿನಲ್ಲೇ ಚಿಕಿತ್ಸೆ ಸಿಗುವಂತೆ ಆ ನಿಯಮವನ್ನೇ ಕಿತ್ತುಹಾಕಿ. ಅವನನ್ನು ಕರೆತರಲು ರಜೆ ಕೇಳಿದ್ದೇನೆ, ಕೊಡದಿದ್ದರೂ ಹೊರಡುತ್ತೇನೆ. ನಾವು ಬರುವುದರೊಳಗೆ ನಿಮ್ಮ ಆದೇಶ ಬಂದಿರಲಿ. ಅವನ ಉಸಿರಿಗೆ ಕಚೇರಿಯ ವೇಳೆ ತಿಳಿಯದು.

ಇಂತಿ,
ಇನ್ನೂ ಕಾಯಿಲೆ ಬೀಳದ ಒಬ್ಬ ಫಲಾನುಭವಿ