ಕೂರುವ ಚೆಂಡು

ಸೊಲ್ಲಾಪುರ
೬ ಜನವರಿ ೨೦೨೫

ನನ್ನ ಮುದ್ದು ಆಯಿಗೆ,

ಇಲ್ಲಿಂದಲೇ ಕರಜಗಿಯವರೆಗೆ ಕೈ ಚಾಚಿ ನಿನ್ನ ಕಾಲು ಮುಟ್ಟಿದ್ದೇನೆ, ಗೊತ್ತಾಯಿತೇ? ದೀಪಾವಳಿಯಿಂದ ಒಂದು ಸಾಲೂ ಬರೆಯಲಿಲ್ಲ, ಬೈಯಬೇಡ. ನಿನಗೆ ಕಿವಿ ಕೇಳಿಸುತ್ತಿದ್ದರೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ತಲೆ ತಿನ್ನುತ್ತಿದ್ದೆ. ಇಂಗ್ಲಿಷ್ ಶಾಲೆಯ ಮೊಮ್ಮಗಳಿಗೆ ಬೇಸಿಗೆ ರಜೆಯಲ್ಲಿ ಪಾಟಿ ಹಿಡಿಸಿ ಕನ್ನಡ ತಿದ್ದಿಸಿದವಳು ನೀನು. ಈಗ ಒತ್ತಕ್ಷರ ತಪ್ಪಿದರೆ ಅದೂ ನಿನ್ನದೇ ತಪ್ಪು!

ಆಯಿ, ನಾನು ಎಷ್ಟು ಸುಖವಾಗಿದ್ದೇನೆ ಅಂದರೆ ಹೇಳಿದರೆ ನಿನಗೆ ನಗು ಬರುತ್ತದೆ. ಕಾಂತೇಶ ಟವೆಲ್ ಕಂಪನಿಯ ಆಫೀಸಿನಿಂದ ಬರುವ ಹೊತ್ತಿಗೆ ನಾನು ಬಾಲ್ಕನಿಯಲ್ಲಿ ನಿಂತಿರುತ್ತೇನೆ. ಮದುವೆಯಾಗಿ ಆರು ತಿಂಗಳಾದರೂ ಅವರ ಸ್ಕೂಟರಿನ ಸದ್ದಿಗೆ ಎದೆ ಹಾರುತ್ತದೆ. ಈ ಸಾಲು ಕಾಕಾನಿಗೆ ತೋರಿಸಬೇಡ, ಪ್ಲೀಸ್.

ಹೊಸ ಸುದ್ದಿ ಕೇಳು. ನಾನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನಲ್ಲ, ಬೆಳಿಗ್ಗೆಯಿಂದ ಸಂಜೆಯವರೆಗೆ ಕುರ್ಚಿಯಲ್ಲಿ ಕೂತು ಬೆನ್ನು ಹಿಡಿದುಹೋಗಿತ್ತು. ಊಟಕ್ಕೆ ನೆಲದ ಮೇಲೆ ಕೂರಲೂ ಆಗುತ್ತಿರಲಿಲ್ಲ. ನವಿ ಪೇಠೆಯ ಆಟದ ಸಾಮಾನಿನ ಅಂಗಡಿಯಿಂದ ಒಂದು ಚೆಂಡು ತಂದಿದ್ದೇವೆ. ಆಡುವ ಚೆಂಡಲ್ಲ, ಕೂರುವ ಚೆಂಡು! ನೇರಳೆ ಬಣ್ಣ, ನನ್ನ ಮೊಣಕಾಲಿನಷ್ಟು ಎತ್ತರ. ಕಾಂತೇಶ ಪಂಪು ತುಳಿದೂ ತುಳಿದೂ ಗಾಳಿ ತುಂಬಿದರು. ಕುರ್ಚಿಯಾದರೆ ನಮ್ಮ ಭಾರವನ್ನೆಲ್ಲ ತಾನೇ ಹೊರುತ್ತದೆ. ಇದು ಹಾಗಲ್ಲ, ಚೂರು ವಾಲಿದರೂ ಉರುಳಲು ನೋಡುತ್ತದೆ. ಹೊಟ್ಟೆ, ಬೆನ್ನು ಎರಡೂ ಎಚ್ಚರವಾಗಿದ್ದು ನಮ್ಮನ್ನು ಹಿಡಿದಿರಬೇಕು. ಅರ್ಧ ಗಂಟೆ ಚೆಂಡು, ಅರ್ಧ ಗಂಟೆ ಕುರ್ಚಿ. ಬೆಳಿಗ್ಗೆ ಚಾಪೆ ಹಾಸಿ ಮಲಗಿ, ಹಿಮ್ಮಡಿಯನ್ನು ಅದರ ಮೇಲಿಟ್ಟು ಸೊಂಟ ಎತ್ತುತ್ತೇನೆ. ಮೊದಲ ದಿನ ಚೆಂಡು ಒಂದು ಕಡೆ, ನಾನು ಇನ್ನೊಂದು ಕಡೆ!

ಪಕ್ಕದ ಮನೆಯ ಕಸ್ತೂರಬಾಯಿ ಬಂದವರು, "ಯಾಕವಾ, ಕುರ್ಚಿ ಮುರದಾವೇನ?" ಎಂದು ನಕ್ಕರು. ಆಮೇಲೆ ನನ್ನನ್ನೇ ಒಂದು ಕ್ಷಣ ನೋಡಿ, "ನಮ್ಮ ಕಾಜಲಗೂ ದವಾಖಾನ್ಯಾಗ ಇಂಥಾದ ಮ್ಯಾಲೆ ಕುಂಡ್ರಸತಿದ್ರು" ಅಂದು ನೆಟಿಕೆ ಮುರಿದು ದೃಷ್ಟಿ ತೆಗೆದರು. ಕಾಜಲ ಅವರ ಮಗಳು. ಅವಳಿಗೂ ಬೆನ್ನು ನೋವಿತ್ತೇನೋ.

ಇನ್ನು ಅತ್ತೆಯ ವಿಷಯ. ನಿನ್ನೊಬ್ಬಳ ಹತ್ತಿರ ಮಾತ್ರ ಹೇಳಿದ್ದೆನಲ್ಲ, ಆರು ತಿಂಗಳಲ್ಲಿ ಅವರು ಒಮ್ಮೆಯೂ ನನ್ನ ಹೆಸರು ಹಿಡಿದು ಕರೆದಿರಲಿಲ್ಲ. ಅವರ ಊರು ಕುಂಭಾರಿಗೆ ಹೋದಾಗಲೆಲ್ಲ "ಹೊಸಾಕಿ ಬಂದಾಳ, ಹೊಸಾಕಿ ಉಂಡಳೇನ?" ಅಷ್ಟೇ. ನನ್ನ ರೊಟ್ಟಿ ನೋಡಿ, "ಇದು ಯಾವ ಊರ ನಕಾಶಿ?" ಅಂದಿದ್ದರು. ಅವರಿಗೆ ನಾನು ಹಿಡಿಸಬೇಕು ಆಯಿ. ಅದೊಂದೇ ನನ್ನ ಆಸೆ.

ಮೊನ್ನೆ ಶುಕ್ರವಾರ ನಾಲ್ವರು ಹೆಂಗಸರನ್ನು ಕರೆದುಕೊಂಡು ಅವರೇ ಇಲ್ಲಿಗೆ ಬಂದರು! ಬಾಗಿಲು ಹಾಕಿ ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಹಸಿರು ಕುಬಸದ ಬಟ್ಟೆ. ಹೊಸ ಸೊಸೆ ಅಂತ ಹೋದ ಹೋದ ಮನೆಯಲ್ಲೆಲ್ಲ ಉಡಿ ತುಂಬಿ ನನ್ನ ಕಪಾಟಿನಲ್ಲಿ ಕುಬಸದ ಕಣಗಳಿಗೆ ಜಾಗವೇ ಇಲ್ಲ. ಆದರೆ ಇದರಷ್ಟು ಖುಷಿ ಯಾವುದೂ ಕೊಡಲಿಲ್ಲ. ಹೊರಡುವಾಗ ಗಲ್ಲ ಸವರಿ, "ಜ್ವಾಕಿ, ಮಗಳ" ಅಂದರು. ಮಗಳ! ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ ಆಯಿ, ಸಂತೋಷಕ್ಕೆ.

ನಿನ್ನ ಕುಣಿಯುವ
ಶ್ರದ್ಧಾ


ಸೊಲ್ಲಾಪುರ
೧೦ ಮಾರ್ಚ್ ೨೦೨೫

ಪ್ರೀತಿಯ ಆಯಿಗೆ,

ನಿನ್ನ ಎರಡು ಕಾಗದ ಬಂದವು. ಎರಡಕ್ಕೂ ಉತ್ತರ ಬರೆಯದೆ ನಿನ್ನನ್ನು ಕಾಯಿಸಿದೆ. ಮೂರು ಸಲ ಬರೆಯಲು ಕೂತು ಮೂರು ಸಲ ಹರಿದು ಹಾಕಿದೆ. ಅತ್ತೆ ಬಿದ್ದ ಸುದ್ದಿಯನ್ನು ಕಾಕಾ ನಿನಗೆ ಹೇಳಿದ್ದಾರೆ. ಯಾಕೆ ಬಿದ್ದರು ಅನ್ನುವುದನ್ನು ನಾನೇ ಹೇಳಬೇಕು.

ಅಂದು ಅವರು ತುಂಬಿದ್ದು ಬರಿಯ ಉಡಿಯಲ್ಲ, ಕಳ್ಳ ಕುಬಸ. ನಿನಗೆ ಗೊತ್ತು, ನನಗೆ ಗೊತ್ತಿರಲಿಲ್ಲ. ಬಸುರಿಗೆ ಮೂರನೇ ತಿಂಗಳಲ್ಲಿ, ಯಾರ ದೃಷ್ಟಿಯೂ ತಾಗಬಾರದೆಂದು ಬಾಗಿಲು ಹಾಕಿ ಮಾಡುವ ಶಾಸ್ತ್ರವಂತೆ. ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ, ಸೊಸೆಯನ್ನು ಕೇಳುವಂತಿಲ್ಲ. ಕಾಜಲ ಆಸ್ಪತ್ರೆಯಲ್ಲಿ ಚೆಂಡಿನ ಮೇಲೆ ಕೂತಿದ್ದು ಬಸುರಿಯಾಗಿದ್ದಾಗ. ಕಸ್ತೂರಬಾಯಿ ನನ್ನ ಚೆಂಡು ನೋಡಿದರು, ನಾನು ನೆಲಕ್ಕೆ ಕೂರದಿರುವುದನ್ನು ನೋಡಿದರು, ಕುಂಭಾರಿಗೆ ಫೋನ್ ಮಾಡಿದರು. ಅತ್ತೆ ಮಗನನ್ನೂ ಕೇಳಲಿಲ್ಲ. ಗಂಡಸರ ಮುಂದೆ ಎತ್ತುವ ಮಾತಲ್ಲವಲ್ಲ.

ಅತ್ತೆ ಹರಕೆ ಹೊತ್ತರು. ಕುಂಭಾರಿಯಿಂದ ಅಕ್ಕಲಕೋಟೆಯ ಸ್ವಾಮಿಗಳ ಮಠಕ್ಕೆ ಬರಿಗಾಲಲ್ಲಿ ನಡೆದು ಹೋಗುವುದು. ಮೊಣಕಾಲು ನೋವಿಗೆ ಮನೆಯ ಮೆಟ್ಟಿಲು ಹತ್ತಲಾರದ ಹೆಂಗಸು! ಜನವರಿ ೨೩, ಗುರುವಾರ, ತಮ್ಮ ನಾದಿನಿ ಲೀಲಾಬಾಯಿಯನ್ನು ಜೊತೆ ಮಾಡಿಕೊಂಡು ನಸುಕಿನಲ್ಲೇ ಹೊರಟರು. ವಳಸಂಗ ದಾಟಿದ ಮೇಲೆ, ಹಿಂದಿನಿಂದ ಬಂದ ಲಾರಿಗೆ ಬದಿಗೆ ಸರಿಯಲು ಹೋಗಿ ಜಲ್ಲಿಕಲ್ಲಿನ ಮೇಲೆ ಕಾಲು ಜಾರಿತು. ತೊಡೆಯ ಎಲುಬು ಸೊಂಟದ ಹತ್ತಿರ ಮುರಿಯಿತು.

ನಾನು ಆಸ್ಪತ್ರೆಗೆ ಓಡಿಹೋದಾಗ ಅವರು ನೋವಿನಿಂದ ಹಲ್ಲು ಕಚ್ಚಿಕೊಂಡಿದ್ದರು. ಆದರೂ ನನ್ನನ್ನು ನೋಡಿದ್ದೇ, "ಓಡಬ್ಯಾಡ, ಓಡಬ್ಯಾಡ! ಯಾರರ ಆಕಿಗೆ ಕುರ್ಚಿ ಕೊಡ್ರಿ. ಹೊಟ್ಟಿಲೆ ಇದ್ದಾಕಿ" ಅಂದರು. ಅಲ್ಲೇ ನಿಂತಿದ್ದ ಕಸ್ತೂರಬಾಯಿ ನನಗೆ ಎಲ್ಲವನ್ನೂ ಹೇಳಿದರು. ಆಪರೇಷನ್ನಿಗೆ ಒಳಗೆ ಒಯ್ಯುವ ಮೊದಲು ನಾನು ಅತ್ತೆಯ ಕೈ ಹಿಡಿದುಕೊಂಡೆ.

"ಅತ್ತಿ, ನನಗ ಏನೂ ಇಲ್ಲರಿ."

"ಯಾವಾಗ ಹ್ವಾತು?" ಅಂದರು. ಹೋಯಿತು ಅಂದುಕೊಂಡರು ಆಯಿ.

"ಹೋಗಿಲ್ಲರಿ. ಇರಲೇ ಇಲ್ಲ."

"ಮತ್ತ ಆ ಚಂಡು?"

"ಬೆನ್ನ ನೋವಿಗೆರಿ. ಅದರ ಮ್ಯಾಲೆ ಕುಂತು ಕೆಲಸ ಮಾಡಾಕ."

"ಕುಂಡ್ರಾಕ..." ಅಂದರು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು. ಒರೆಸಲು ನನಗೆ ಧೈರ್ಯ ಬರಲಿಲ್ಲ.

ಆಸ್ಪತ್ರೆಯಿಂದ ನೇರ ನಮ್ಮ ಮನೆಗೇ ಕರೆತಂದೆವು. ಮಾವ ಕಲ್ಯಾಣಪ್ಪನವರು ಊರಿನ ಹೊಲ ನೋಡಿಕೊಂಡು ಎರಡು ದಿನಕ್ಕೊಮ್ಮೆ ಬಸ್ಸಿಗೆ ಬಂದು ಹೋಗುತ್ತಾರೆ. ಚೆಂಡನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಬಚ್ಚಲಮನೆಯ ಅಟ್ಟಕ್ಕೆ ಹಾಕಿದೆ. ನಾನು ಮತ್ತೆ ಕುರ್ಚಿಯಲ್ಲೇ ಕೂರುತ್ತೇನೆ, ಬೆನ್ನು ಮತ್ತೆ ಹಿಡಿದಿದೆ, ಇರಲಿ. ಅತ್ತೆ ನನ್ನ ಜೊತೆ ಮಾತಾಡುತ್ತಿರಲಿಲ್ಲ. ನೀರು ಬೇಕಾದರೆ ಮಗನಿಗೆ ಹೇಳುತ್ತಿದ್ದರು, "ನೀರು ಕೊಡಂತ ಹೇಳು." ನಾನು ಎದುರಿಗೇ ನಿಂತಿರುತ್ತಿದ್ದೆ.

ಐದನೇ ವಾರ, ವ್ಯಾಯಾಮ ಮಾಡಿಸಲು ಬರುವ ಮನೀಷಾ ಕೈ ತೊಳೆಯಲು ಹೋದವಳು ಅಟ್ಟದ ಮೇಲಿನ ಚೆಂಡು ನೋಡಿ ಕುಣಿದಳು. ಹಿಮ್ಮಡಿಯನ್ನು ಅದರ ಮೇಲಿಟ್ಟು ಹಿಂದೆ ಮುಂದೆ ಉರುಳಿಸಿದರೆ ಕಾಲು ಬೇಗ ಮಡಚಲು ಬರುತ್ತದಂತೆ. ಅತ್ತೆ ಒಂದೇ ಮಾತು ಹೇಳಿದರು, "ಅದನ್ನ ನನ್ನ ಮುಂದ ತರಬ್ಯಾಡ್ರಿ."

ಮರುದಿನ ಲೀಲಾಬಾಯಿ ನೋಡಲು ಬಂದರು. ಚಹಾ ಕುಡಿಯುತ್ತ ನನಗೆ ಕೇಳಿಸುವಂತೆಯೇ, "ಮಂದಿ ಸೊಸ್ತ್ಯಾರು ಕುರ್ಚಿ ಮ್ಯಾಲೆ ಕುಂಡ್ರತಾರ. ನಮ್ಮಾಕಿ ಚಂಡಿನ ಮ್ಯಾಲೆ ಕುಂತು ಅತ್ತೀನ್ನ ರಸ್ತಾಕ್ಕ ಉಳ್ಳಿಸಿದಳು" ಅಂದರು. ನಾನು ಅಡುಗೆಮನೆಯಲ್ಲಿ ಚಹಾದ ಪಾತ್ರೆ ತೊಳೆಯುತ್ತಿದ್ದೆ.

ಆಗ ಅತ್ತೆಯ ದನಿ ಕೇಳಿಸಿತು. "ಲೀಲಾ, ಬಾಯಿ ಸಾಕ ಮಾಡು. ಆಕಿಗೇನ ಗೊತ್ತಿತ್ತು? ಕೇಳಲಾರದ ಕುಬಸಾ ಮಾಡಿದವರು ನಾವು, ಹೇಳಲಾರದ ಹರಕಿ ಹೊತ್ತಾಕಿ ನಾನು. ಆ ಹುಡುಗಿ ಏನ ತಪ್ಪ ಮಾಡ್ಯಾಳ?" ಆಮೇಲೆ ನನ್ನನ್ನು ಕೂಗಿದರು, "ಮಗಳ, ಆ ಚಂಡು ತಾ."

ಚೆಂಡು ತಂದೆ. ಲೀಲಾಬಾಯಿಯ ಎದುರಿಗೇ ಅತ್ತೆಯ ಹಿಮ್ಮಡಿಗಳನ್ನು ಅದರ ಮೇಲಿಟ್ಟೆ. ಕಾಲು ನಡುಗುತ್ತಿತ್ತು. ಹಲ್ಲು ಕಚ್ಚಿ ಹತ್ತು ಸಲ ಉರುಳಿಸಿದರು. ಈಗ ದಿನಾ ಎರಡು ಹೊತ್ತು ಮಾಡಿಸುತ್ತೇನೆ. ಆದರೆ ಒಂದು ಕಾಲು ಚೂರು ಗಿಡ್ಡವಾಗಿದೆ. ಇನ್ನು ನೆಲದ ಮೇಲೆ ಕೂತು ರೊಟ್ಟಿ ಬಡಿಯಲು ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅದನ್ನು ಕೇಳಿಯೂ ಅತ್ತೆ ನಕ್ಕು, "ಇನ್ನ ನಿನ್ನ ನಕಾಶಿ ರೊಟ್ಟೀನ ನನಗ ಗತಿ" ಅಂದರು.

ನಿನ್ನ ಹರಕೆ, ಹಾರೈಕೆ ಏನಿದ್ದರೂ ಈ ಸಲ ಅವರಿಗೆ ಕಳಿಸು, ನನಗೆ ಬೇಡ. ಕಣ್ಣಿಗೆ ಔಷಧಿ ಹಾಕಿಕೊಳ್ಳುವುದನ್ನು ಮರೆಯಬೇಡ.

ನಿನ್ನ ಮೊಮ್ಮಗಳು
ಶ್ರದ್ಧಾ

ಆಯಿ, ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ. ಆಸ್ಪತ್ರೆಯಲ್ಲಿ ಗೊತ್ತಾಯಿತು ಅಂತ ಬರೆದೆನಲ್ಲ, ಅದು ಸುಳ್ಳು. ಕಾಂತೇಶನಿಗೂ, ಎಲ್ಲರಿಗೂ ಹೇಳಿದ ಸುಳ್ಳು. ಅದಕ್ಕೂ ನಾಲ್ಕು ದಿನ ಮೊದಲೇ, ಭಾನುವಾರ, ನಾನು ಚೆಂಡಿನ ಮೇಲೆ ಕುಪ್ಪಳಿಸುವುದನ್ನು ನೋಡಿ ಕಸ್ತೂರಬಾಯಿ, "ಮೂರನೇ ತಿಂಗಳದಾಗ ಹಿಂಗ ಜಿಗೀಬ್ಯಾಡ" ಎಂದು ಬೈದಿದ್ದರು. ಆಗಲೇ ನನಗೆ ಎಲ್ಲ ತಿಳಿಯಿತು. ಅಲ್ಲ ಅನ್ನಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳಿದೆ. ಅತ್ತೆ ದಿನಾ ಫೋನ್ ಮಾಡಿ ಊಟವಾಯಿತೇ ಎಂದು ಕೇಳುತ್ತಿದ್ದರು, ಮಗಳ ಅನ್ನುತ್ತಿದ್ದರು. ಬುಧವಾರ ಸಂಜೆ ಅವರೇ ಕೇಳಿದರು, "ನಾಳಿ ಅಕ್ಕಲಕೋಟಿಗೆ ನಡಕೊಂಡ ಹೋಗಬೇಕಂತ ಮಾಡೀನಿ. ಮಣಕಾಲ ನೋಯಾಕತ್ತಾವ, ನಿಮ್ಮ ಮಾವ ಬ್ಯಾಡ ಅಂತಾರ. ನೀ ಏನಂತಿ, ಮಗಳ? ನೀ ಬ್ಯಾಡಂದ್ರ ಬಿಡತೀನಿ."

"ಹೋಗಿ ಬರ್ರಿ, ಅತ್ತಿ" ಅಂದೆ.

ಅವರು ನಕ್ಕು, "ನೀ ಅಂದಿಯಲ್ಲ, ನೋವೇ ಹ್ವಾತು ನೋಡು" ಅಂದರು.