ಓದದೆ ಕೊಟ್ಟ ಒಪ್ಪಿಗೆ

ಕ್ರಿ.ಶ. ೨೨೯೧, ಹದಿಮೂರನೆಯ ತಿಂಗಳು, ಎಂಟನೆಯ ದಿನ
ಅಘನಾಶಿನಿಯ ಕಡಲಗೋಡೆ

ಕಂಪ್ಯೂಟರಿನ ಗಣಿತದ ಲೈಬ್ರರಿಗೆ ಕೈಪಿಡಿ ಬರೆಯುತ್ತಿರುವವರಿಗೆ ಮಾದೇವಿ ಪಟಗಾರಳ ನಮಸ್ಕಾರಗಳು.

ತಾರೀಖು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಈ ಕಾಗದ ನಿಮ್ಮ ಮುಂದಿನ ಕಾಲದಿಂದ ಬರುತ್ತಿದೆ. ಉಬ್ಬರ ಇಳಿತಕ್ಕೆ ಹೊಂದಲಿ ಎಂದು ನಮ್ಮ ಹಿರಿಯರು ವರ್ಷಕ್ಕೆ ಒಂದು ತಿಂಗಳು ಹೆಚ್ಚು ಸೇರಿಸಿಕೊಂಡರು. ನನ್ನ ಮಾತೂ ನಿಮಗೆ ವಿಚಿತ್ರವೆನಿಸೀತು, ಹೊಟ್ಟೆಗೆ ಹಾಕಿಕೊಳ್ಳಿ. ಯಂತ್ರಕ್ಕೆ ಹಾಕುವ ಪ್ರೋಗ್ರಾಮಿನ ಕಟ್ಟಿಗೆ ನೀವು ಪ್ಯಾಕೇಜ್ ಎನ್ನುತ್ತೀರಿ, ನಾವು ಗಂಟು ಎನ್ನುತ್ತೇವೆ. ನಿಮ್ಮ ಲೈಬ್ರರಿಯ ಗಂಟು ಇಂದಿಗೂ ನಮ್ಮಲ್ಲಿ ಬಳಕೆಯಲ್ಲಿದೆ.

ಇಲ್ಲಿ ಉಬ್ಬರದ ಕಡಲು ಊರಿಗಿಂತ ಎರಡಾಳು ಎತ್ತರ. ಗೋಡೆಗೆ ಒಂಬತ್ತು ಬಾಗಿಲು. ಯಾವ ಬಾಗಿಲನ್ನು ಯಾವಾಗ ಮುಚ್ಚಬೇಕೆಂದು ನೋಡಿಕೊಳ್ಳುವ ಪ್ರೋಗ್ರಾಂ ನಿಮ್ಮ ಲೈಬ್ರರಿಯನ್ನೇ ನಂಬಿಕೊಂಡಿದೆ. ಹಳೆಯ ಗಂಟು ತೆಗೆದು ಹೊಸ ಆವೃತ್ತಿಯದನ್ನು ಹಾಕುವ ದಿನ ನಮ್ಮಲ್ಲೊಂದು ಕಟ್ಟಳೆಯಿದೆ. ಕಮಾಂಡ್ ಕೊಟ್ಟ ಮೇಲೆ ಏನೇನು ಬರುತ್ತದೆ, ಏನೇನು ಹೋಗುತ್ತದೆ ಎಂದು ಪಟ್ಟಿ ತೋರಿಸಿ, ಮುಂದುವರಿಸಲೇ ಎಂದು ಯಂತ್ರ ಕೇಳುತ್ತದಲ್ಲ? ಆಗ ಕೀಲಿಮಣೆಯ ಮುಂದೆ ಕೂತವರು ಆ ಪಟ್ಟಿಯನ್ನು ಗೋಡೆಯೊಳಗಿನ ಮಾತಿನ ಕೊಳವೆಯಲ್ಲಿ ಗಟ್ಟಿಯಾಗಿ ಓದಬೇಕು. ಕೆಳಗೆ ಬಾಗಿಲ ಬುಡದ ಗುಂಡಿಗಿಳಿದು, ಬಾಗಿಲಿಗೆ ಅಂಟಿದ ಕಡಲ ಚಿಪ್ಪು ಕೆರೆಯುತ್ತಿರುವವರು ಸಾಲು ಸಾಲಿಗೂ ಹೂಂ ಅನ್ನಬೇಕು. ಆಮೇಲಷ್ಟೇ ಹೌದು ಒತ್ತುವುದು. ನನ್ನ ಅಣ್ಣ ಹಮ್ಮಣ್ಣ ಇದರಲ್ಲಿ ಬಲು ಕಟ್ಟುನಿಟ್ಟು. ನಾನು ಒಂದು ಸಾಲು ನುಂಗಿದರೂ ಕೊಳವೆಯಲ್ಲೇ ಗದರುತ್ತಿದ್ದ: "ಹೋಯ್, ಎಂತಾ ಅವಸರ ನಿಂಗೆ? ಕಡಲೇನ್ ಓಡಿ ಹೋಗೂದಿಲ್ಲ, ಪೂರಾ ಓದು!"

ನಾನೋ ಸಿಡುಕಿ. ಓದಿ ಓದಿ ಗಂಟಲು ಹರಿದು ಬೇಸತ್ತಿದ್ದೆ. ಹೋದ ವರ್ಷ ಹಳೆಯ ಕಡತಗಳಲ್ಲಿ ನಿಮ್ಮ ಕೈಪಿಡಿ ಸಿಕ್ಕಿತು. ಪ್ರಶ್ನೆಗಳ ಕಾಟ ಬೇಡವಾದರೆ ಕಮಾಂಡಿನ ಕೊನೆಗೆ ಒಂದು ಅಕ್ಷರ ಸೇರಿಸಿ, ಎಲ್ಲಕ್ಕೂ ಮೊದಲೇ ಹೌದು ಎಂದಂತಾಗುತ್ತದೆ ಎಂದು ನಾಲ್ಕನೆಯ ಪುಟದಲ್ಲಿ ಬರೆದಿದ್ದೀರಿ. ಅಯ್ಯೋ, ಎಷ್ಟು ಖುಷಿಪಟ್ಟೆ! ಹುಣ್ಣಿಮೆಯ ಮಧ್ಯಾಹ್ನ ಆ ಅಕ್ಷರ ಸೇರಿಸಿ ಒತ್ತಿ, ಊಟಕ್ಕೆ ಎದ್ದುಹೋದೆ. ಏಳನೆಯ ಬಾಗಿಲ ಗುಂಡಿಯಲ್ಲಿ ಅಣ್ಣನಿದ್ದ. ಅವತ್ತು ಇಳಿದಿದ್ದವನು ಅವನೊಬ್ಬನೇ. ನಾನಿನ್ನೂ ಓದಿಲ್ಲ, ಹಾಗಾಗಿ ಕೆಲಸ ಶುರುವಾಗಿಲ್ಲ ಎಂದು ನಿಶ್ಚಿಂತೆಯಿಂದ ಇದ್ದಿರಬೇಕು.

ಹೊಸ ಗಂಟಿಗೂ ಬಾಗಿಲ ಪ್ರೋಗ್ರಾಮಿಗೂ ಹೊಂದಿಕೆಯಾಗಲಿಲ್ಲ. ಯಂತ್ರ ಪ್ರೋಗ್ರಾಮನ್ನೇ ಕಿತ್ತುಹಾಕಿತು. ಪಟ್ಟಿಯ ಮೂರನೆಯ ಸಾಲಿನಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿತ್ತು. ಕೊನೆಯಲ್ಲಿ, ಎಲ್ಲವೂ ಯಶಸ್ವಿಯಾಗಿ ಮುಗಿಯಿತು ಎಂದೂ ಬರೆದಿತ್ತು. ಉಬ್ಬರ ಏರಿತು, ಬಾಗಿಲು ಮುಚ್ಚಲಿಲ್ಲ, ಗುಂಡಿಗೆ ನೀರು ನುಗ್ಗಿತು. ಅಪಾಯದ ಗಂಟೆ ಕೇಳಿ ಎಂಜಲು ಕೈಯಲ್ಲೇ ಓಡಿಬಂದೆ. ಹಳೆಯ ಆವೃತ್ತಿಯ ಸಂಖ್ಯೆ ಕೊಟ್ಟು ಆ ಗಂಟನ್ನೇ ಬಾಗಿಲ ಪ್ರೋಗ್ರಾಂ ಸಮೇತ ಮತ್ತೆ ಹಾಕಿದೆ. ನಾಲ್ಕೇ ನಿಮಿಷ ಹಿಡಿಯಿತು, ಬಾಗಿಲು ಮುಚ್ಚಿತು. ಕೊಳವೆಗೆ ಬಾಯಿಟ್ಟು ಅಣ್ಣಾ ಅಣ್ಣಾ ಎಂದು ಕೂಗಿದೆ. ನೀರು ಖಾಲಿಮಾಡಿ ಅವನನ್ನು ಮೇಲೆತ್ತುವಾಗ ಸಂಜೆಯಾಗಿತ್ತು.

ತಪ್ಪು ನಿಮ್ಮದಲ್ಲ, ನನ್ನದು. ನೀವು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಕೈಮುಗಿದು ಕೇಳುತ್ತೇನೆ. ಆ ವಾಕ್ಯದ ಕೆಳಗೆ ಇನ್ನೊಂದನ್ನು ಬರೆಯಿರಿ: ಹೀಗೆ ಮಾಡಿದರೆ ಏನು ಹೋಗುತ್ತಿದೆ ಎಂದು ನಿಮ್ಮನ್ನು ಯಾರೂ ಕೇಳುವುದಿಲ್ಲ. ನನ್ನಂಥ ಸಿಡುಕಿಯೂ ಅದನ್ನು ಓದಿ ಒಂದು ಕ್ಷಣ ನಿಂತಾಳು.

ನಾಳೆ ಮತ್ತೆ ಗಂಟು ಬದಲಿಸುವ ದಿನ. ಅಣ್ಣ ಸತ್ತ ಮೇಲೆ ನಾನು ಕೀಲಿಮಣೆ ಮುಟ್ಟಿಲ್ಲ. ಏಳನೆಯ ಗುಂಡಿಗೆ ಇಳಿಯುವ ಸರದಿ ಅವನ ಮಗಳು ನಾಗುವಿನದು. ಓದುವವರು ಯಾರಾಗಬೇಕು ಎಂದು ನಿನ್ನೆ ಸಭೆಯಲ್ಲಿ ಅವಳನ್ನೇ ಕೇಳಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. "ನಮ್ಮತ್ತೆನೇ ಓದ್ಲಿ" ಅಂದಳು.